ನೀಲಿ ಪ್ಲೇಟಿನ ದೇಶದಲ್ಲಿ ನಮ್ಮಕ್ಕನ ಹಲ್ಲು

ಇವರಿಂದ: ಶಿವಕುಮಾರಪ್ಪ, ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ, ಬಿಳಿಕಲ್ಲಹಟ್ಟಿ, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ.

ಇವರಿಗೆ: ಮೇಲ್ಕಂಡ ವಿಳಾಸದ ಮನೆಯ ಗೇಟಿನ ಮುಂದೆ ನಿಂತಿರುವ ವಿದೇಶ.

ಮಾನ್ಯ ವಿದೇಶವೇ,

ಮೊದಲಿಗೆ ತಮಗೆ ಸೊಂಟ ಬಗ್ಗಿಸಿದ ನಮಸ್ಕಾರಗಳು. ಇದನ್ನು ತಾವು ಬರಿಯ ಶಿಷ್ಟಾಚಾರದ ಮಾತೆಂದು ಭಾವಿಸಬಾರದು. ತಾವು ನನ್ನ ಗೇಟಿಗೆ ಒಂದೂವರೆ ಗೇಣು ಜಾಗ ಬಿಟ್ಟು ನಿಂತು ಇವತ್ತಿಗೆ ಇಪ್ಪತ್ತೇಳು ದಿನಗಳಾಗಿರುವುದರಿಂದ, ಹಾಲಿಗೋ ಪೇಪರಿಗೋ ಹೊರಗೆ ಬರಬೇಕಾದಾಗಲೆಲ್ಲ ನಾನು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಮೈಯನ್ನು ಓರೆ ಮಾಡಿ, ತಮ್ಮ ಪಕ್ಕದ ಕನ್ನಡಿಗೆ ಸೊಂಟ ಬಗ್ಗಿಸಿ ದಾರಿ ಬಿಟ್ಟೇ ಬರುತ್ತಿದ್ದೇನೆ. ಮೂವತ್ತೆರಡು ವರ್ಷದ ಮೇಷ್ಟರಿಕೆಯಲ್ಲಿ ಶಾಲೆಗೆ ಬಂದ ಯಾವ ಸಾಹೇಬರಿಗೂ ನಾನು ಇಷ್ಟು ಬಗ್ಗಿದವನಲ್ಲ.

ತಮ್ಮನ್ನು ಏನೆಂದು ಕರೆಯಬೇಕೆಂದು ತೀರ್ಮಾನಿಸುವುದಕ್ಕೇ ನನಗೆ ಎರಡು ದಿನ ಹಿಡಿಯಿತು. ನೋಡುವ ಕಣ್ಣಿಗೆ ತಾವು ಬಿಳಿ ಬಣ್ಣದ, ಐದು ಸೀಟಿನ, ಸ್ವಲ್ಪ ಎತ್ತರದ ಒಂದು ಕಾರು. ಆದರೆ ತಮ್ಮ ಹಿಂದೂ ಮುಂದೂ ನೀಲಿ ಪ್ಲೇಟು ಇದೆ, ಅದರ ಮೇಲೆ ಬಿಳಿ ಅಕ್ಷರಗಳಿವೆ, ತಾವು ಬೆಂಗಳೂರಿನಲ್ಲಿರುವ ಒಂದು ದೂರದ ದೇಶದ ಕಚೇರಿಗೆ ಸೇರಿದವರು. ನೀಲಿ ಪ್ಲೇಟಿನ ಗಾಡಿ ಯಾವ ಊರಲ್ಲಿ ನಿಂತರೂ ಅದು ನಿಂತಷ್ಟು ಜಾಗ ಅದರ ದೇಶದ್ದೇ ನೆಲ ಎಂಬುದು ನಮ್ಮ ಬಿಳಿಕಲ್ಲಹಟ್ಟಿಯಲ್ಲಿ ತೊಟ್ಟಿಲ ಕೂಸೊಂದನ್ನು ಬಿಟ್ಟು ಎಲ್ಲರಿಗೂ ಗೊತ್ತಿರುವ ವಿಷಯ. ಅದು ಅವರಿಗೆ ಹೇಗೆ ಗೊತ್ತಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ, ಹೇಳುವುದಕ್ಕೆ ನನಗೆ ಸ್ವಲ್ಪ ಧೈರ್ಯ ಬೇಕು. ಸದ್ಯಕ್ಕೆ ತಮ್ಮನ್ನು ವಿದೇಶವೇ ಎಂದಿದ್ದೇನೆ. ತಮ್ಮ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಎರಡು ರಾಷ್ಟ್ರಗಳ ಬಾಂಧವ್ಯ ನನ್ನ ಮನೆಯ ಗೇಟಿನಿಂದ ಕೆಡುವುದು ಬೇಡ.

ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ವೀರಮ್ಮ ಹೊಸದಾಗಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ ಎರಡೂ, ಹೂವಿನ ಅಂಚಿನ ಕರ್ಚೀಫಿನಲ್ಲಿ ಸುತ್ತಿದ ಸ್ಥಿತಿಯಲ್ಲಿ ತಮ್ಮ ಹಿಂದಿನ ಎಡಬಾಗಿಲಿನ ಒಳಗಡೆಯ ಜೇಬಿನಲ್ಲಿದೆ. ಗಾಜಿಗೆ ಹಣೆ ಹಚ್ಚಿ ನೋಡಿದರೆ ಕರ್ಚೀಫಿನ ತುದಿ ಕಾಣುತ್ತದೆ. ಬರುವ ಸೋಮವಾರ ಎದುರು ಮನೆಯ ದೀಪಾಳ ಮದುವೆ. ನಮ್ಮ ಬೀದಿಯಲ್ಲಿ ನಲವತ್ತು ವರ್ಷದಿಂದ ಯಾರ ಮನೆಯಲ್ಲಿ ಧಾರೆಯಾದರೂ ಸೋಬಾನೆ ಹೇಳುವವಳು ನಮ್ಮಕ್ಕ. ಹಲ್ಲು ಕಟ್ಟಿಸಿಕೊಂಡದ್ದೇ ಈ ಮದುವೆಯ ಹಾಡಿಗಾಗಿ. ಈಗ ಬಾಯಿ ತೆರೆದರೆ ಹಾಡಿನ ಬದಲು ಗಾಳಿ ಬರುತ್ತದೆಂದು ಆಕೆ ಮದುವೆಗೇ ಹೋಗುವುದಿಲ್ಲ ಎಂದು ಕೂತಿದ್ದಾಳೆ. ಸೋಮವಾರದೊಳಗೆ ಹಲ್ಲು ಬೇಕು. ಉಳಿದದ್ದೆಲ್ಲ ವಿವರಣೆ.

ತಾವು ಇಲ್ಲಿಗೆ ಬಂದ ಬಗೆ ತಮಗೆ ನೆನಪಿರಬಹುದು. ತಮ್ಮೊಳಗೆ ಕೂತಿದ್ದ ಅಧಿಕಾರಿಗಳು ಹೊಸದುರ್ಗದ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿ ಮುಗಿಸಿ, ಚಿಕ್ಕಜಾಜೂರಿನಲ್ಲಿ ರೈಲು ಹಿಡಿಯಬೇಕೆಂದು ಹೊರಟಿದ್ದರು. ತಮ್ಮ ಚಾಲಕ ಕನಕರಾಜ್ ಅವರ ಫೋನು ಹೊಳಲ್ಕೆರೆ ದಾಟುವಾಗ ಯಾರದೋ ಮೆಕ್ಕೆಜೋಳದ ಹೊಲದ ಬದುವನ್ನೇ ರಾಜ್ಯ ಹೆದ್ದಾರಿ ಎಂದು ತೋರಿಸತೊಡಗಿತಂತೆ. ಅವರು ಗಾಡಿ ನಿಲ್ಲಿಸಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸನ್ನು ದಾರಿ ಕೇಳಿದರು. ಆ ಹೆಂಗಸು ನಮ್ಮಕ್ಕ. ಹಲ್ಲಿನ ಡಾಕ್ಟರ ಹತ್ತಿರ ಸೆಟ್ಟನ್ನು ಹಾಕಿಸಿಕೊಂಡು ಆಗತಾನೆ ಹೊರಗೆ ಬಂದಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಮಗೆ ತಿಳಿಸಬೇಕು. ನಮ್ಮಲ್ಲಿ ದಾರಿ ಕೇಳಿದವರಿಗೆ ದಾರಿ ಹೇಳುವುದಿಲ್ಲ. ಎಡಕ್ಕೆ ಹೋಗಿ, ಬಲಕ್ಕೆ ತಿರುಗಿ ಎಂದು ಕೈ ತೋರಿಸಿ ಕಳಿಸುವುದು ಮರ್ಯಾದೆಸ್ಥರ ಲಕ್ಷಣವಲ್ಲ. ಗಾಡಿ ಹತ್ತಿ ಕೂತು, ಕರೆದುಕೊಂಡು ಹೋಗಿ ಬಿಡಬೇಕು. ಹಾಗೆ ಹತ್ತಿದವರು ತಮ್ಮ ಮನೆಯ ಮುಂದೆಯೇ ದಾರಿ ಹಾಯುವಂತೆ ನೋಡಿಕೊಳ್ಳಬೇಕು, ಮನೆ ಬಂದಾಗ ಟೀ ಕುಡಿಸದೆ ಮುಂದಕ್ಕೆ ಬಿಡಬಾರದು. "ನಡೀರಿ, ನಾನು ತೋರಿಸ್ತೀನಿ. ನಮ್ಮೂರ ಮೇಲೇ ಹೋಗ್ಬೇಕು," ಎಂದು ಅಕ್ಕ ಬಾಗಿಲು ತೆಗೆದು ಹತ್ತಿ ಕೂತಳು. ನಮ್ಮೂರ ಮೇಲೆ ಹೋದರೆ ಚಿಕ್ಕಜಾಜೂರು ಆರು ಕಿಲೋಮೀಟರು ಸುತ್ತು ಎಂಬುದನ್ನು ಆಕೆ ಹೇಳಲಿಲ್ಲ, ಯಾರೂ ಹೇಳುವುದಿಲ್ಲ.

ಹೀಗೆ ನಮ್ಮಕ್ಕ, ಪಾಸ್‌ಪೋರ್ಟು ಎಂದರೆ ಪಡಿತರ ಚೀಟಿಗೆ ಅಂಟಿಸುವ ಫೋಟೋ ಎಂದುಕೊಂಡಿದ್ದವಳು, ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಭಾರತವನ್ನು ಬಿಟ್ಟು, ಇಪ್ಪತ್ತು ನಿಮಿಷ ತಮ್ಮ ದೇಶದಲ್ಲಿ ವಾಸವಿದ್ದು, ಬಿಳಿಕಲ್ಲಹಟ್ಟಿಯಲ್ಲಿ ಮತ್ತೆ ಭಾರತಕ್ಕೆ ಇಳಿದಳು. ನಮ್ಮ ಊರಿನಿಂದ ವಿದೇಶಕ್ಕೆ ಹೋಗಿ ಬಂದ ಮೊದಲ ಹೆಂಗಸು ಎಂದು ಮರುದಿನ ಜನ ಆಕೆಯನ್ನು ನೋಡಲು ಬಂದರು. ಹೆಂಗಿತ್ತು ವೀರಮ್ಮಕ್ಕ ಫಾರಿನ್ನು ಎಂದು ಕೇಳಿದವರಿಗೆಲ್ಲ ಆಕೆ ಕೊಟ್ಟ ಉತ್ತರ ಒಂದೇ: "ಶಾನೆ ತಣ್ಣಗೈತೆ. ವಸಡು ಝುಮ್ ಅಂತವೆ." ತಮ್ಮ ದೇಶದ ಹವಾಗುಣದ ಬಗ್ಗೆ ನಾನು ಪಠ್ಯಪುಸ್ತಕದಲ್ಲಿ ಓದಿದ ನಾಲ್ಕು ಪುಟಕ್ಕಿಂತ ಇದು ಸ್ಪಷ್ಟವಾಗಿತ್ತು. ಆ ತಣ್ಣನೆ ಗಾಳಿಗೆ ಹೊಸ ಹಲ್ಲು ಒತ್ತಿ ನೋಯತೊಡಗಿದ್ದರಿಂದಲೇ ಆಕೆ ಅವನ್ನು ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಪಕ್ಕದ ಜೇಬಿಗೆ ಹಾಕಿದ್ದು. ಮನೆ ಬಂತೆಂಬ ಗಡಿಬಿಡಿಯಲ್ಲಿ, ಸಾಹೇಬರಿಗೆ ಮಂಡಕ್ಕಿ ಒಗ್ಗರಣೆ ಮಾಡುವ ಸಡಗರದಲ್ಲಿ, ಮರೆತು ಇಳಿದಳು.

ಮಂಡಕ್ಕಿ ತಿಂದು, ಟೀ ಕುಡಿದು, ಅಧಿಕಾರಿಗಳು ಹೊರಡಲೆಂದು ಬಂದು ಕೂತಾಗ ತಾವು ಅಲುಗಾಡಲಿಲ್ಲ. ಕನಕರಾಜ್ ಕೀ ತಿರುಗಿಸಿದರು, ಗುಂಡಿ ಒತ್ತಿದರು, ಮುಂಭಾಗ ಎತ್ತಿ ಒಳಗೆ ನೋಡಿ ನಿಟ್ಟುಸಿರು ಬಿಟ್ಟರು. ಎದುರು ಮನೆಯ ಮಂಜುನಾಥ್ ಈ ಸುತ್ತಿನ ಏಳು ಹಳ್ಳಿಗೆ ಟ್ರ್ಯಾಕ್ಟರು, ಜೀಪು, ಬೈಕು ರಿಪೇರಿ ಮಾಡುವವನು. ಅವನು ದೂರದಲ್ಲೇ ಕೈಕಟ್ಟಿ ನಿಂತು, "ಕರೆಂಟೇ ಸತ್ತೈತೆ ಸಾ, ಬ್ಯಾಟ್ರಿ ಪೂರಾ ಮಲಗೈತೆ," ಎಂದ. ಮುಟ್ಟಲಿಲ್ಲ. ರೈಲಿಗೆ ಹೊತ್ತಾಗಿತ್ತು. ಅಧಿಕಾರಿಗಳೂ ಕನಕರಾಜರೂ ಮಂಜುನಾಥನ ಲಗೇಜ್ ಆಟೋ ಹತ್ತಿ ಸ್ಟೇಷನ್ನಿಗೆ ಹೋದರು. ಹೋಗುವಾಗ ಕನಕರಾಜ್ ಹಿಂದಿರುಗಿ ನೋಡದೆ, ಭುಜದ ಮೇಲಿಂದ ತಮ್ಮ ಕಡೆಗೆ ಕೈ ಚಾಚಿ ಕೀಲಿಯ ಗುಂಡಿ ಒತ್ತಿದರು. ನಮ್ಮ ಕಡೆಯ ಕಾರುಗಳಾದರೆ ಕೊಂಯ್ಕ್ ಎನ್ನುತ್ತವೆ. ತಾವು ಏನೂ ಅನ್ನಲಿಲ್ಲ. ದೊಡ್ಡ ದೇಶಗಳು ಬಾಗಿಲು ಹಾಕಿಕೊಳ್ಳುವಾಗ ಸದ್ದು ಮಾಡುವುದಿಲ್ಲವೆಂದು ನಾವೆಲ್ಲ ತಲೆದೂಗಿದೆವು. "ಯಾರೂ ಮುಟ್ಟಬೇಡಿ, ನೀಲಿ ಪ್ಲೇಟು," ಎಂದಷ್ಟೇ ಅವರು ಹೇಳಿ ಹೋದದ್ದು.

ಅಂದಿನಿಂದ ತಮಗೆ ನಮ್ಮ ಊರು ಸಲ್ಲಿಸುತ್ತಿರುವ ಗೌರವದಲ್ಲಿ ಏನಾದರೂ ಕೊರತೆಯಾಗಿದ್ದರೆ ತಾವು ತಿಳಿಸಬೇಕು. ನಮ್ಮ ಬೀದಿಗೆ ದೀಪ ಬೇಕೆಂದು ನಾನು ಎಂಟು ವರ್ಷದಲ್ಲಿ ಪಂಚಾಯಿತಿಗೆ ಹನ್ನೊಂದು ಅರ್ಜಿ ಬರೆದವನು. ತಾವು ಬಂದ ನಾಲ್ಕನೇ ದಿನ, ಒಂದೂ ಅರ್ಜಿ ಬರೆಯದೆ, ತಮ್ಮ ನೆತ್ತಿಯ ಮೇಲೆ ನೇರವಾಗಿ ಬೆಳಕು ಬೀಳುವ ಹಾಗೆ ಕಂಬಕ್ಕೆ ದೀಪ ಹಾಕಿಸಿಕೊಂಡಿರಿ. ಮೊದಲ ವಾರದಲ್ಲೇ ಚರಂಡಿಯ ಹೂಳು ಎತ್ತಿಸಿಕೊಂಡಿರಿ. ತಮ್ಮ ನಾಲ್ಕು ಚಕ್ರದ ಸುತ್ತ ರಂಗೋಲಿ ಹಿಟ್ಟಿನಂತೆ ಬ್ಲೀಚಿಂಗ್ ಪೌಡರ್ ಹಾಕಿಸಿಕೊಂಡಿರಿ. ನಾನು ಈ ಊರಿನಲ್ಲಿ ಹುಟ್ಟಿ ಅರವತ್ತಾರು ವರ್ಷವಾಯಿತು, ಆ ಪುಡಿಯ ವಾಸನೆ ನನ್ನ ಬಾಗಿಲಿಗೆ ಬಂದದ್ದು ಇದೇ ಮೊದಲು. ಆದ್ದರಿಂದ ಊರಿನ ಪರವಾಗಿ ಒಂದು ಸಣ್ಣ ಬಿನ್ನಹ: ತಮ್ಮ ದೇಶಕ್ಕೆ ಇನ್ನೂ ಕೆಲವು ಕಾರುಗಳಿದ್ದರೆ, ಒಂದನ್ನು ನಮ್ಮ ಆಸ್ಪತ್ರೆಯ ಮುಂದೆ, ಒಂದನ್ನು ಹೆಣ್ಣುಮಕ್ಕಳ ಶೌಚಾಲಯದ ಮುಂದೆ, ಒಂದನ್ನು ಮೂರು ವರ್ಷದಿಂದ ಅರ್ಧಕ್ಕೆ ನಿಂತಿರುವ ಸೇತುವೆಯ ಮೇಲೆ ಕೆಟ್ಟು ನಿಲ್ಲುವಂತೆ ಅಪ್ಪಣೆ ಕೊಡಿಸಬೇಕು.

ತಮ್ಮ ಗಡಿಯ ವಿಚಾರದಲ್ಲಿ ನಮಗೆ ಕೆಲವು ಸಂಶಯಗಳು ಹುಟ್ಟಿವೆ. ಬಾಗಿಲಿಂದ ಒಳಗೆ ತಮ್ಮದು, ಅದರಲ್ಲಿ ತಕರಾರಿಲ್ಲ. ಆದರೆ ತಮ್ಮ ಹೊಟ್ಟೆಯ ಕೆಳಗೆ ಪಕ್ಕದ ಮನೆಯ ಕೋಳಿ ಹೋಗಿ ಮೊಟ್ಟೆ ಇಡುತ್ತಿದೆ, ಆ ಮರಿಗಳು ಹುಟ್ಟಿದ ಮೇಲೆ ಯಾವ ದೇಶದವು? ಮಧ್ಯಾಹ್ನ ತಮ್ಮ ನೆರಳಿನಲ್ಲಿ ಇಬ್ಬರು ಮುದುಕರು ಹುಲಿಕಟ್ಟೆ ಆಡುತ್ತಾರೆ, ಬಿಸಿಲು ಸರಿದಂತೆ ಅವರೂ ಸರಿಯುತ್ತಾರೆ, ಹಾಗೆ ಸರಿಯುವಾಗ ಅವರು ದಿನಕ್ಕೆ ಎಷ್ಟು ಸಲ ಗಡಿ ದಾಟಿದಂತಾಯಿತು? ತಮ್ಮ ಗಾಜಿನ ಧೂಳಿನ ಮೇಲೆ ಯಾರೋ ಬೆರಳಿನಿಂದ ಹೃದಯದ ಚಿತ್ರ ಬರೆದರು. ಧೂಳು ನಮ್ಮದು, ಗಾಜು ತಮ್ಮದು, ಪ್ರೀತಿ ಯಾರದೋ ಗೊತ್ತಿಲ್ಲ, ದೂರು ಎಲ್ಲಿ ಕೊಡಬೇಕು? ಇನ್ನೊಂದು ಸೂಕ್ಷ್ಮ ಸಂಗತಿ. ಬರುವಾಗ ಹಿರಿಯೂರಿನಲ್ಲಿ ತಮ್ಮ ನಾಲ್ಕೂ ಟೈರಿಗೆ ಗಾಳಿ ತುಂಬಿಸಿದೆನೆಂದು ಕನಕರಾಜ್ ಟೀ ಕುಡಿಯುತ್ತ ಹೇಳಿದ್ದರು. ಅಂದರೆ ತಮ್ಮ ಸಾರ್ವಭೌಮ ರಾಷ್ಟ್ರ ನಿಂತಿರುವುದು ಹಿರಿಯೂರಿನ ಗಾಳಿಯ ಮೇಲೆ. ಆ ಗಾಳಿ ಈಗ ಸಣ್ಣಗೆ ಇಳಿಯುತ್ತಿದ್ದು, ತಮ್ಮ ದೇಶ ವಾರಕ್ಕೆ ಒಂದು ಬೆರಳಿನಷ್ಟು ತಗ್ಗುತ್ತಿದೆ ಎಂಬುದನ್ನು ವಿಷಾದದಿಂದ ಗಮನಕ್ಕೆ ತರುತ್ತೇನೆ.

ಹಲ್ಲಿನ ವಿಚಾರ ಗೊತ್ತಾದ ದಿನವೇ ನಾನು ಮೊದಲು ಮಂಜುನಾಥನನ್ನು ಕರೆದೆ. ಒಂದು ಸ್ಕೇಲು ಗಾಜಿನ ಸಂದಿಯಲ್ಲಿ ಇಳಿಸಿದರೆ ಯಾವ ಬಾಗಿಲಾದರೂ ತೆರೆಯುತ್ತೇನೆಂದು ಜಂಬ ಕೊಚ್ಚುವವನು, ಅವತ್ತು ಮಾತ್ರ ಎರಡು ಹೆಜ್ಜೆ ಹಿಂದಕ್ಕೆ ಹೋದ. "ಬ್ಯಾಡ ಮೇಷ್ಟ್ರೇ. ಇದು ಗಡಿ ದಾಟಿದಂಗೆ ಆಗ್ತೈತೆ. ತಂಗಿ ಮದ್ವೆ ಇಟ್ಕಂಡು ನಾನು ಜೈಲಿಗೆ ಹೋಗಾಕಾಗಲ್ಲ," ಎಂದ. ಮದುವೆಯ ಹೆಣ್ಣು ದೀಪಾ ಅವನ ತಂಗಿಯೇ. ಅವಳ ಮದುವೆಯ ಹಾಡು ತಮ್ಮ ಬಾಗಿಲಿನ ಜೇಬಿನಲ್ಲಿದೆ ಎಂದು ಬಿಡಿಸಿ ಹೇಳಿದರೂ ಅವನು ಮನಸ್ಸು ಮಾಡಲಿಲ್ಲ. ಆಮೇಲೆ ನಮ್ಮ ಊರಿನವನೇ ಆದ ಹೆಡ್ ಕಾನ್‌ಸ್ಟೆಬಲ್ ತಿಪ್ಪೇಶನನ್ನು ಕರೆಸಿದೆ. ಅವನು ಟೋಪಿ ಸರಿಮಾಡಿಕೊಂಡು, ತಮಗೊಂದು ಸೆಲ್ಯೂಟ್ ಹೊಡೆದು, ನನ್ನ ಕಡೆ ತಿರುಗಿ, "ಸಾ, ನಂಗೆ ನಮ್ ಜಿಲ್ಲೆ ದಾಟಾಕೇ ಪರ್ಮಿಷನ್ ಬೇಕು. ಬ್ಯಾರೆ ದೇಶಕ್ಕೆ ಹೆಂಗೆ ಕೈ ಹಾಕ್ಲಿ?" ಎಂದು ಕೇಳಿದ. ಯುದ್ಧವೇನಾದರೂ ಆದರೆ ಎಂಬ ಮಾತು ಅವನ ಬಾಯಲ್ಲಿ ಅರ್ಧ ಬಂದು ನಿಂತಿತು.

ಇವರಿಬ್ಬರೂ ಅಷ್ಟಕ್ಕೆ ಬಿಟ್ಟಿದ್ದರೆ ನಾನು ಹೇಡಿಗಳೆಂದು ಬೈದು ಸುಮ್ಮನಾಗುತ್ತಿದ್ದೆ. ಆದರೆ ಇಬ್ಬರೂ ಹೋಗುವ ಮುಂಚೆ ಒಂದೇ ಮಾತು ಹೇಳಿದರು. ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಮಾತು ಹೇಳುವುದು ಸಹಜ. "ನೀವೇ ಹೇಳಿಕೊಟ್ಟಿದ್ದಲ್ವ ಮೇಷ್ಟ್ರೇ. ಒಂಬತ್ನೇ ಕ್ಲಾಸು. ಎರಡು ಮಾರ್ಕಿನ ಪ್ರಶ್ನೆ."

ಹೌದು. ಧೈರ್ಯ ಬೇಕೆಂದು ಮೇಲೆ ಹೇಳಿದ್ದು ಇದಕ್ಕೇ. ನೀಲಿ ಪ್ಲೇಟಿನ ಗಾಡಿ ಎಲ್ಲಿ ನಿಂತರೂ ಅದು ಅದರ ದೇಶದ ನೆಲ ಎಂದು ಈ ಊರಿಗೆ ಕಲಿಸಿದ ಮೇಷ್ಟರು ನಾನೇ. ನನಗೆ ಯಾರು ಕಲಿಸಿದರೋ ನೆನಪಿಲ್ಲ. ಪಠ್ಯಪುಸ್ತಕದಲ್ಲಿ ಅದು ಇರಲಿಲ್ಲ, ರಾಯಭಾರ ಕಚೇರಿಗಳ ಪಾಠ ಸಪ್ಪೆಯಾಗಿದೆಯೆಂದು ಮಕ್ಕಳು ಆಕಳಿಸುವಾಗ ನಾನೇ ಈ ಮಾತನ್ನು ಸೇರಿಸುತ್ತಿದ್ದೆ, ಕೇಳಿದ ಕೂಡಲೇ ಇಡೀ ತರಗತಿ ಎದ್ದು ಕೂರುತ್ತಿತ್ತು. ಮಕ್ಕಳು ಬಾಯಿ ತೆರೆದು ಕೇಳಿದ್ದು ನಿಜವೇ ಆಗಿರಬೇಕೆಂದು ನಾನೂ ನಂಬಿದೆ. ಮೂವತ್ತೆರಡು ವರ್ಷ ಒಂಬತ್ತನೇ ತರಗತಿಗೆ ಇದನ್ನು ಹೇಳಿದ್ದೇನೆ. ಇವತ್ತು ನಮ್ಮ ಊರಿನ ಪಂಚಾಯಿತಿ, ಠಾಣೆ, ಗ್ಯಾರೇಜು, ಅಂಚೆ ಕಚೇರಿ ಎಲ್ಲವೂ ನನ್ನ ಒಂಬತ್ತನೇ ತರಗತಿಯೇ. ನಾನು ಕಲಿಸಿದ ಉಳಿದ ಯಾವ ಪಾಠವೂ ಯಾರಿಗೂ ನೆನಪಿಲ್ಲ. ಮೂಲಭೂತ ಹಕ್ಕುಗಳನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ, ಇದನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ತಮ್ಮ ಬಾಗಿಲಿನ ಹಿಡಿಕೆಯ ಮೇಲೆ ಇಪ್ಪತ್ತೇಳು ದಿನದ ಧೂಳು ಕೂತಿದೆ, ಒಂದು ಬೆರಳಿನ ಗುರುತೂ ಇಲ್ಲ. ಇಷ್ಟು ಶಿಸ್ತಿನ ವಿದ್ಯಾರ್ಥಿಗಳು ಯಾವ ಮೇಷ್ಟರಿಗೆ ಸಿಕ್ಕಾರು.

ತಮ್ಮ ಕಚೇರಿಗೂ ನಾನು ಬರೆಯದೆ ಬಿಟ್ಟಿಲ್ಲ. ಕನಕರಾಜರಿಗೆ ಆರು ಸಲ ಫೋನು ಮಾಡಿದೆ. ಬಿಡಿಭಾಗ ತಮ್ಮ ದೇಶದಿಂದ ಹಡಗಿನಲ್ಲಿ ಬರುತ್ತಿದೆ, ಅಧಿಕಾರಿಗಳು ರಜೆಯ ಮೇಲೆ ಊರಿಗೆ ಹೋಗಿದ್ದಾರೆ, ಅವರು ಬಾರದೆ ಕೀಲಿಯನ್ನು ಬೀರುವಿನಿಂದ ತೆಗೆಯುವ ಹಾಗಿಲ್ಲ ಎಂದು ಅವರು ಪ್ರತಿ ಸಲವೂ ಮೊದಲ ಸಲದಷ್ಟೇ ವಿನಯದಿಂದ ಹೇಳಿದರು. ಕಚೇರಿಯ ವಿಳಾಸಕ್ಕೆ ಇ-ಮೇಲ್ ಕಳಿಸಿದೆ, ಹಲ್ಲಿನ ವಿಷಯವನ್ನು ಸಂಕೋಚಪಡದೆ ಬರೆದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು. ನಮ್ಮ ದೇಶಕ್ಕೆ ಭೇಟಿ ನೀಡಲು ತಾವು ತೋರಿಸಿದ ಆಸಕ್ತಿಗೆ ಧನ್ಯವಾದಗಳು, ವೀಸಾ ಅರ್ಜಿಯನ್ನು ನಮ್ಮ ಜಾಲತಾಣದಲ್ಲಿ ತುಂಬಿರಿ, ಪ್ರವಾಸದ ಉದ್ದೇಶ ಮತ್ತು ತಂಗುವ ದಿನಗಳನ್ನು ನಮೂದಿಸಿರಿ ಎಂದಿತ್ತು. ನಾನು ಆ ಅರ್ಜಿಯನ್ನು ತುಂಬಲು ಕೂತೆ ಎಂದರೆ ತಾವು ನಗಬಾರದು. ಪ್ರವಾಸಿಗರ ಹೆಸರು ಎಂಬಲ್ಲಿ ನನ್ನ ಬಲಗೈ ಎಂದು ಬರೆದೆ. ಉದ್ದೇಶ, ಹಲ್ಲು. ತಂಗುವ ಅವಧಿ, ಅರ್ಧ ನಿಮಿಷ. ಪ್ರವಾಸದ ವ್ಯಾಪ್ತಿ, ಬೆರಳಿನಿಂದ ಮೊಣಕೈವರೆಗೆ, ಭುಜ ಭಾರತದಲ್ಲೇ ಇರತಕ್ಕದ್ದು. ಹಿಂದಿರುಗುವ ಖಾತರಿ ಏನು ಎಂಬ ಪ್ರಶ್ನೆಗೆ, ಕೈ ಮೈಗೆ ಅಂಟಿಕೊಂಡಿದೆ ಎಂದು ಉತ್ತರಿಸಿದೆ. ಆ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ಈಗ ಅಕ್ಕನ ವಿಚಾರ. ಇದನ್ನು ನಗುತ್ತ ಬರೆಯಲು ನನಗೆ ಬರುವುದಿಲ್ಲ. ಎಪ್ಪತ್ತನಾಲ್ಕು ವರ್ಷದ ಹೆಂಗಸು ಇಪ್ಪತ್ತೇಳು ದಿನದಿಂದ ಅಂಬಲಿ ಕುಡಿಯುತ್ತಿದ್ದಾಳೆ. ಇನ್ನೊಂದು ಸೆಟ್ಟು ಮಾಡಿಸೋಣವೆಂದರೆ ಅಚ್ಚು ತೆಗೆದು ಕೂರಿಸಲು ತಿಂಗಳು ಬೇಕೆಂದು ಡಾಕ್ಟರು ಹೇಳಿದರು, ಮದುವೆ ಸೋಮವಾರ. ಜಗುಲಿಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದವಳು ಈಗ ಯಾರಾದರೂ ಬಂದರೆ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಎದ್ದುಹೋಗುತ್ತಾಳೆ. ಮೊನ್ನೆ ಅಡುಗೆಮನೆಯಲ್ಲಿ ಒಬ್ಬಳೇ ಇದ್ದೇನೆಂದುಕೊಂಡು ಹಾಡಿನ ಮೊದಲ ಸಾಲನ್ನು ಹೇಳಿ ನೋಡಿದಳು. ಮಾತು ತುಟಿಯ ಹತ್ತಿರ ಬಂದು ಉಸಿರಾಗಿ ಹೋಯಿತು. ಎರಡನೇ ಸಾಲು ಹೇಳಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೇಳಿದೆ, ಕೇಳದವನ ಹಾಗೆ ಹಿತ್ತಿಲಿಗೆ ಹೋದೆ. ಅಪ್ಪನಿಗೆ ನಮ್ಮಿಬ್ಬರಲ್ಲಿ ಒಬ್ಬರನ್ನು ಮಾತ್ರ ಶಾಲೆಗೆ ಕಳಿಸಲು ಸಾಧ್ಯವಿದ್ದಾಗ ಅಕ್ಕ ಎಮ್ಮೆ ಹೊಡೆದುಕೊಂಡು ಹೋದಳು, ನಾನು ಸ್ಲೇಟು ಹಿಡಿದುಕೊಂಡು ಹೋದೆ. ಅವತ್ತಿನಿಂದ ನಾನು ಹೇಳಿದ್ದೆಲ್ಲವೂ ಆಕೆಗೆ ವೇದ. ಕಾರು ಮುಟ್ಟಬೇಡ ಅಕ್ಕ, ಅದು ಬೇರೆ ದೇಶ ಎಂದು ನಾನು ಹೇಳಿದ ಮೇಲೆ, ಗಾಜಿನಾಚೆ ತನ್ನ ಕರ್ಚೀಫು ಕಾಣುತ್ತಿದ್ದರೂ ಆಕೆ ಕೈ ಚಾಚಲಿಲ್ಲ. ತಮ್ಮ ಮೇಲೆ ನನಗಿರುವ ಸಿಟ್ಟಿಗಿಂತ ಆ ಮಾತಿನ ಮೇಲೆ ನನಗಿರುವ ಸಿಟ್ಟು ದೊಡ್ಡದು.

ಆ ಸಿಟ್ಟಿನಲ್ಲೇ ನಿನ್ನೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆ. ಗ್ರಂಥಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನಿನ ದಪ್ಪ ಪುಸ್ತಕವೊಂದನ್ನು ತೆಗೆಸಿ, ನನ್ನ ಮಾತಿಗೆ ಆಧಾರ ಹುಡುಕುತ್ತ ಮಧ್ಯಾಹ್ನದವರೆಗೆ ಕೂತೆ. ಆಧಾರ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ತಮ್ಮಂಥ ಗಾಡಿಗಳನ್ನು ಪೊಲೀಸರು ಶೋಧಿಸುವಂತಿಲ್ಲ, ಜಪ್ತಿ ಮಾಡುವಂತಿಲ್ಲ, ಅಷ್ಟೇ. ಅದು ಅತಿಥಿಗೆ ಕೊಡುವ ರಿಯಾಯಿತಿ. ಗಾಡಿ ಗಾಡಿಯೇ, ಅದು ನಿಂತ ನೆಲ ಆ ಊರಿನದೇ. ಗಾಡಿಯ ಮಾತಿರಲಿ, ರಾಯಭಾರ ಕಚೇರಿಯ ಕಟ್ಟಡ ಕೂಡ ಬೇರೆ ದೇಶದ ನೆಲವಲ್ಲವಂತೆ. ಆ ಪುಟವನ್ನು ಮೂರು ಸಲ ಓದಿದೆ, ಕನ್ನಡಕ ಒರೆಸಿಕೊಂಡು ನಾಲ್ಕನೇ ಸಲ ಓದಿದೆ. ತಾವು ಇಪ್ಪತ್ತೇಳು ದಿನವೂ ಬಿಳಿಕಲ್ಲಹಟ್ಟಿಯ ಮಣ್ಣಿನ ಮೇಲೆ ಕೆಟ್ಟು ನಿಂತ ಒಂದು ಕಾರು ಮಾತ್ರ ಆಗಿದ್ದಿರಿ. ಆ ಸಂಗತಿಯನ್ನು ಯಾರಿಗೂ ಹೇಳದೆ ಊರಿಗೆ ಬಂದೆ, ಬಂದು ಮತ್ತೆ ತಮ್ಮ ಕನ್ನಡಿಗೆ ಬಗ್ಗಿಯೇ ಒಳಗೆ ಹೋದೆ.

ಬಸ್ಸಿನಲ್ಲಿ ಬರುವಾಗ ನೆನಪಾದದ್ದು ದೀಪಾ. ಹನ್ನೆರಡು ವರ್ಷದ ಹಿಂದೆ ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ, ಆ ಎರಡು ಅಂಕದ ಪ್ರಶ್ನೆಗೆ ಅವಳು ಹೀಗೆ ಬರೆದಿದ್ದಳು: 'ಕಾರು ಎಲ್ಲಿ ನಿಂತಿದೆಯೋ ಆ ಊರಿನ ನೆಲದ ಮೇಲೇ ನಿಂತಿರುತ್ತದೆ. ನೆಲ ಕಾರಿನ ಜೊತೆ ಓಡಾಡುವುದಿ‌ಲ್ಲ.' ನಾನು ಅದರ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಹಾಕಿದೆ. ಅಷ್ಟು ಸಾಲದೆಂದು ಅವಳನ್ನು ಎಬ್ಬಿಸಿ ನಿಲ್ಲಿಸಿ, ಆ ಉತ್ತರವನ್ನು ಜೋರಾಗಿ ಓದಿಸಿದೆ. ಎಲ್ಲರೂ ನಕ್ಕರು, ಮೊದಲು ನಕ್ಕವನು ನಾನು. ಅವಳು ಅಳಲಿಲ್ಲ, ನಾನು ಕೂತುಕೋ ಎನ್ನುವವರೆಗೆ ನಿಂತೇ ಇದ್ದಳು. ಈಗ ಅವಳು ಸರ್ಕಾರಿ ಬಸ್ಸಿನ ಕಂಡಕ್ಟರು. ತಾವು ಬಂದ ಮೊದಲ ವಾರದಲ್ಲಿ ಡ್ಯೂಟಿ ಮುಗಿಸಿ ಬಂದವಳು ತಮ್ಮನ್ನೊಂದು ಸುತ್ತು ನೋಡಿ, "ನಮ್ ಬಸ್ಸು ಆಂಧ್ರದಾಗೆ ಕೆಟ್ರೆ ಅಲ್ಲಿ ಪೊಲೀಸ್ರೇ ಬರ್ತಾರೆ ಮೇಷ್ಟ್ರೇ," ಎಂದಷ್ಟೇ ಹೇಳಿದಳು. ನಾನು ಕೇಳಿಸದವನ ಹಾಗೆ ಪೇಪರು ಮಡಿಚಿದೆ. ಯಾರ ಉತ್ತರ ಸರಿಯಿತ್ತೋ ಅವಳ ಮದುವೆಗೇ ಹಾಡಿಲ್ಲ, ಕಾರಣ ನನ್ನ ತಪ್ಪು ಉತ್ತರ.

ಆದ್ದರಿಂದ ಮಾನ್ಯರೇ, ಈ ಬಹಿರಂಗ ಪತ್ರದ ಮೂಲಕ ತಮ್ಮ ರಾಷ್ಟ್ರದ ಸ್ಥಾನಮಾನವನ್ನು ನಾನು ಹಿಂತೆಗೆದುಕೊಳ್ಳುತ್ತಿದ್ದೇನೆ. ಕೊಟ್ಟವನು ನಾನೇ ಆದ್ದರಿಂದ ತೆಗೆದುಕೊಳ್ಳುವ ಅಧಿಕಾರವೂ ನನಗಿದೆಯೆಂದು ಭಾವಿಸುತ್ತೇನೆ. ಮಂಜುನಾಥ, ತಿಪ್ಪೇಶ, ಮತ್ತು ಮೂವತ್ತೆರಡು ವರ್ಷಗಳ ಒಂಬತ್ತನೇ ತರಗತಿಯವರೆಲ್ಲರೂ ಆ ಒಂದು ಉತ್ತರವನ್ನು ಹೊಡೆದುಹಾಕತಕ್ಕದ್ದು. ನನ್ನಿಂದ ಅದಕ್ಕೆ ಪಡೆದ ಎರಡು ಅಂಕಗಳನ್ನು ಅವರು ಹಿಂದಿರುಗಿಸಬೇಕಾಗಿಲ್ಲ, ಆದರೆ ದೀಪಾಳಿಗೆ ಸಲ್ಲಬೇಕಾದ ಎರಡು ಅಂಕಗಳನ್ನು ಸೋಮವಾರ ಅಕ್ಷತೆ ಹಾಕುವ ಹೊತ್ತಿಗೆ, ಮೈಕು ಹಿಡಿದು, ಅವಳ ಅತ್ತೆಮನೆಯವರ ಎದುರಿಗೇ ಕೊಡುತ್ತೇನೆ. ಅವತ್ತು ನಗುವವರಲ್ಲಿ ನಾನು ಕೊನೆಯವನಾಗಿರುತ್ತೇನೆ. ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ, ಯಾವುದಾದರೂ ಉಪಾಯದಿಂದ ಸೋಮವಾರದೊಳಗೆ ಒಂದು ಕೈ ಒಳಗೆ ಹೋಗುವಷ್ಟು ಬಾಗಿಲು ಬಿಟ್ಟುಕೊಡಬೇಕು. ಬೀಗ ಒಡೆಯುವುದು ಶೋಧನೆಯಾಗುತ್ತದೋ ಇಲ್ಲವೋ ಪುಸ್ತಕದಲ್ಲಿ ಸ್ಪಷ್ಟವಿರಲಿಲ್ಲ, ಮತ್ತೆ ನಾನು ಊಹಿಸಿ ಹೇಳುವ ಧೈರ್ಯ ಮಾಡುವುದಿಲ್ಲ.

ಇಂತಿ,
ತಮ್ಮ ಕನ್ನಡಿಗೆ ಇನ್ನು ಬಗ್ಗದಿರಲು ತೀರ್ಮಾನಿಸಿರುವ, ಆದರೂ ತಮ್ಮ ವಿಶ್ವಾಸಿ,
ಶಿವಕುಮಾರಪ್ಪ

ಮತ್ತೊಂದು ಮಾತು: ನಮ್ಮ ಮನೆಯಿಂದ ಹೊರಗೆ ಹೋಗುವ ಯಾವ ಪತ್ರವನ್ನೂ ಅಕ್ಕನಿಗೆ ಓದಿ ಹೇಳದೆ ಕಳಿಸುವ ರೂಢಿಯಿಲ್ಲ. ಇವತ್ತು ಬೆಳಿಗ್ಗೆ ಇದನ್ನೂ ಓದತೊಡಗಿದೆ. ಆಕೆ ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದಳು. ಗ್ರಂಥಾಲಯದ ಪುಟದ ಮಾತು ಬಂದಾಗ, "ಅಂದ್ರೆ ಇದು ನಮ್ಮೂರಾಗೇ ಐತೆ ಅಂತೀಯಾ?" ಎಂದು ಕೇಳಿದಳು. ಹೌದು ಎಂದೆ. ಆಕೆ ಎದ್ದಳು. ಮುಂದಿನ ಪ್ಯಾರಾ ಇದೆ ಕೂತುಕೋ ಎನ್ನುವುದರೊಳಗೆ ಗೇಟು ದಾಟಿ, ತಮ್ಮ ಹಿಂದಿನ ಎಡಬಾಗಿಲಿನ ಹಿಡಿಕೆ ಹಿಡಿದು ಎಳೆದಳು. ಬಾಗಿಲು ತೆರೆಯಿತು. ಬ್ಯಾಟರಿ ಸತ್ತ ಗಾಡಿಗೆ ಕನಕರಾಜ್ ಗುಂಡಿ ಒತ್ತಿ ಹೋಗಿದ್ದರು, ಬೀಗ ಬಿದ್ದೇ ಇರಲಿಲ್ಲ. ಇಪ್ಪತ್ತೇಳು ದಿನ ತಾವು ತೆರೆದೇ ಇದ್ದಿರಿ. ಗೇಟಿನ ಕಂಬ ಅಡ್ಡ ಬಂದದ್ದರಿಂದ ಬಾಗಿಲು ಒಂದು ಗೇಣಷ್ಟೇ ತೆರೆಯಿತು, ಅಕ್ಕನ ಕೈ ಮೊಣಕೈವರೆಗೆ ಒಳಗೆ ಹೋಗಿ ಬಂತು, ಆದ್ದರಿಂದ ನನ್ನ ವೀಸಾ ಅರ್ಜಿಯನ್ನು ತಾವು ವಜಾ ಮಾಡಬಹುದು. ಎದುರಿನ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ ಮಂಜುನಾಥ ಬ್ರಷ್ಷು ಬಾಯಲ್ಲೇ ಬಿಟ್ಟು ನೋಡುತ್ತಿದ್ದ. ಅಕ್ಕ ಬಾವಿಕಟ್ಟೆಗೆ ಹೋಗಿ ಹಲ್ಲನ್ನು ತೊಳೆದು, ಮೇಲಿನದು ಕೆಳಗಿನದು ಎರಡನ್ನೂ ಕೂರಿಸಿಕೊಂಡು, ಒಂದೆರಡು ಸಲ ಕಚ್ಚಿ ನೋಡಿ, ಬಂದು ನನ್ನ ಎದುರಿಗೆ ಮೊದಲಿನ ಜಾಗದಲ್ಲೇ ಕೂತಳು. ನಾನು ಪತ್ರವನ್ನು ಮಡಿಚತೊಡಗಿದ್ದೆ.

"ಯಾಕೆ ಮಡಚ್ತೀಯಪ್ಪ? ಮೊದ್ಲಿಂದ ಓದು," ಎಂದಳು. "ಈಗ ನಗಾಕೆ ಹಲ್ಲವೆ."